ಒಲೆ ಒಂದು, ಸಾರು ಎರಡೇ?

ಗಂಡನಿಗೆ ಹೃದಯಾಘಾತವಾದರೆ ಇಡೀ ಮನೆಯ ಅಡುಗೆ ಬದಲಾಗುತ್ತದೆ. ಹೆಂಡತಿಗಾದರೆ ಅವಳ ತಟ್ಟೆಯೊಂದೇ ಬದಲಾಗುತ್ತದೆ. ಇದು ಯಾವ ನ್ಯಾಯ?

ಸ್ಟೆಂಟ್ ಹಾಕಿಸಿಕೊಂಡ ಮೇಲೆ ಹನ್ನೆರಡು ವಾರ ಆಸ್ಪತ್ರೆಯವರು ನನಗೆ ವ್ಯಾಯಾಮ, ಆಹಾರದ ಪಾಠ ಹೇಳಿದರು. ಅಲ್ಲಿ ಎಲ್ಲವೂ ಸಲೀಸು. ನಿಜವಾದ ಪರೀಕ್ಷೆ ಮನೆಯಲ್ಲಿ. "ನಿನ್ನ ಪಥ್ಯದ್ದು ನೀನು ಬೇರೆ ಮಾಡಿಕೋ" ಎಂದರು. ಅಂದರೆ, ದಣಿಯಬಾರದವಳು ಎರಡು ಸಾರು ಕುದಿಸಬೇಕು!

ದಿನಕ್ಕೆ ಉಪ್ಪು 5 ಗ್ರಾಂಗಿಂತ ಕಡಿಮೆಯಿರಲಿ, ಅಂದರೆ ಒಂದು ಟೀ ಚಮಚದೊಳಗೆ, ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವುದು ರೋಗಿಗಳಿಗೆ ಮಾತ್ರವಲ್ಲ, ವಯಸ್ಕರೆಲ್ಲರಿಗೆ. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಯ ಉಪ್ಪೂ ಆ ಚಮಚದ ಲೆಕ್ಕಕ್ಕೇ ಸೇರಬೇಕು. ಹಾಗಿದ್ದ ಮೇಲೆ ನನ್ನ ಊಟ ಪಥ್ಯ ಹೇಗಾದೀತು? ಅದು ಎಲ್ಲರ ಊಟ.

"ಮನೆಗೆಲಸವೇ ವ್ಯಾಯಾಮವಲ್ಲವೇ?" ಎನ್ನುವವರಿದ್ದಾರೆ. ಒಲೆಯ ಮುಂದೆ ಎರಡು ಗಂಟೆ ನಿಂತರೆ ಕಾಲು ನೋಯುತ್ತದೆಯೇ ಹೊರತು ಹೃದಯಕ್ಕೆ ಬಲ ಬರುವುದಿಲ್ಲ. ವಾರಕ್ಕೆ 150 ನಿಮಿಷವಾದರೂ ಬಿರುಸಾಗಿ ನಡೆಯಬೇಕು. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ. ಆ ಅರ್ಧ ಗಂಟೆಯನ್ನು ಯಾರೂ ತಾವಾಗಿ ಕೊಡುವುದಿಲ್ಲ, ನಾವೇ ತೆಗೆದುಕೊಳ್ಳಬೇಕು.

ಆರು ತಿಂಗಳಾದ ಮೇಲೆ "ಗುಣವಾಯಿತಲ್ಲ, ಇನ್ನೇನು?" ಎಂಬ ಮಾತು ಬರುತ್ತದೆ. ಅದಕ್ಕೆ ಮರುಳಾಗಬೇಡಿ. ಸ್ಟೆಂಟ್ ಒಂದು ಕಡೆಯ ಅಡ್ಡಿಯನ್ನು ಸರಿಸುತ್ತದೆ, ರೋಗವನ್ನೇ ಕಿತ್ತುಹಾಕುವುದಿಲ್ಲ. ವೈದ್ಯರನ್ನು ಕೇಳದೆ ಮಾತ್ರೆ ಬಿಡಬಾರದು. ನಡಿಗೆಯನ್ನೂ ಬಿಡಬಾರದು.

ಅಕ್ಕಂದಿರೇ, ತಂಗಿಯರೇ, ಒಂದೇ ಸಾರು ಮಾಡಿ. ಅದು ರುಚಿಸದವರು ಸೌಟು ಹಿಡಿದು ತಮ್ಮ ಸಾರನ್ನು ತಾವೇ ಕುದಿಸಿಕೊಳ್ಳಲಿ.