ಜೀರೋ ಟ್ರಾಫಿಕ್ ಎಂಬ ವೀರಗಾಥೆ

2020ರ ಫೆಬ್ರವರಿಯಲ್ಲಿ ಮಂಗಳೂರಿನಿಂದ ಹೊರಟ ಆಂಬುಲೆನ್ಸೊಂದು ಸುಮಾರು ನಾಲ್ಕೂವರೆ ಗಂಟೆಯಲ್ಲಿ ಬೆಂಗಳೂರಿನ ಜಯದೇವ ಆಸ್ಪತ್ರೆ ಮುಟ್ಟಿತು. ಒಳಗಿದ್ದದ್ದು ಹೃದಯದ ತೊಂದರೆಯಿದ್ದ 40 ದಿನದ ಕೂಸು. ಪೊಲೀಸರು, ಊರವರು ದಾರಿಯುದ್ದಕ್ಕೂ ರಸ್ತೆ ತೆರವು ಮಾಡಿಕೊಟ್ಟರು. ವಿಡಿಯೋಗಳು ಹರಿದಾಡಿದವು. ಚಾಲಕರು ಒಂದೇ ದಿನದಲ್ಲಿ ನಾಡಿಗೆಲ್ಲ ಹೀರೋ ಆದರು. ಅವರ ಬಗ್ಗೆ ನನಗೆ ಗೌರವವೇ ಇದೆ. ತಕರಾರಿರುವುದು ಕಥೆಯ ಬಗ್ಗೆ.

ಎಷ್ಟು ಕಿಲೋಮೀಟರ್, ಎಷ್ಟು ನಿಮಿಷ: ಇಂಥ ಸುದ್ದಿಗಳಲ್ಲಿ ನಮಗೆ ಬೇಕಾದ್ದು ಇಷ್ಟೇ. ನಿರೂಪಣೆ, ದೃಷ್ಟಿಕೋನ ಎಂದು ಸೆಮಿನಾರುಗಳಲ್ಲಿ ಗಂಟೆಗಟ್ಟಲೆ ಕೊರೆಯುವ ನಾವಾದರೂ ಕೇಳಬೇಕಿತ್ತು, ಈ ಕಥೆಯ ಕ್ಯಾಮೆರಾ ಯಾಕೆ ಸದಾ ಗಾಡಿಯ ಹೊರಗೇ ನಿಂತಿರುತ್ತದೆ ಎಂದು. ಬಾಗಿಲ ಹಿಂದೆ ಮಗುವಿನ ಪಕ್ಕ ಕೂತ ನರ್ಸ್ ಯಾರ ಕಥೆಯಲ್ಲೂ ಇಲ್ಲ.

ಆಗಷ್ಟೇ ಹುಟ್ಟಿದ ಮಗು ನಮ್ಮಂತೆ ನಡುಗಿ ಮೈ ಬಿಸಿ ಮಾಡಿಕೊಳ್ಳಲಾರದು. ಅದರ ಮೈ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್‌ನೊಳಗೆ ಇರಬೇಕು. ತಣ್ಣಗಾದರೆ ಸಕ್ಕರೆ ಇಳಿಯುತ್ತದೆ, ಆಮ್ಲಜನಕ ಸಾಲದಾಗುತ್ತದೆ, ಉಸಿರಾಟ ಇನ್ನಷ್ಟು ಕೆಡುತ್ತದೆ. ಒಂದೂವರೆ ಕಿಲೋದ ಕೂಸನ್ನು ಟವೆಲಿನಲ್ಲಿ ಸುತ್ತಿ ಬನಶಂಕರಿಯಿಂದ ಹೊಸೂರು ರಸ್ತೆಗೆ ಎಷ್ಟೇ ಬೇಗ ಒಯ್ದರೂ, ಅಲ್ಲಿನ ವೈದ್ಯರು ಮೂಲ ಕಾಯಿಲೆಗೆ ಕೈಹಾಕುವ ಮುಂಚೆ ಚಳಿಯ ಜೊತೆ ಗುದ್ದಾಡಬೇಕು.

ಹಾಗಾಗಿ ಹೊರಡುವ ಮುಂಚಿನ ಹೊತ್ತೂ ಚಿಕಿತ್ಸೆಯೇ. ಮೈ ಬೆಚ್ಚಗೆ ಮಾಡಬೇಕು, ಸಕ್ಕರೆ ನೋಡಬೇಕು, ಉಸಿರಿನ ಕೊಳವೆ ಜಾರದಂತೆ ಪಟ್ಟಿ ಅಂಟಿಸಬೇಕು. ಸಿಲಿಂಡರಿನಲ್ಲಿರುವ ಆಕ್ಸಿಜನ್ ಸಿಗ್ನಲ್‌ಗಳನ್ನೆಲ್ಲ ಸೇರಿಸಿ ಎಷ್ಟು ಹೊತ್ತು ಬರುತ್ತದೆ ಎಂದು ಲೆಕ್ಕ ಹಾಕಬೇಕು. ಹೊರಗೆ ನಿಂತ ನೆಂಟರಿಗೆ ಇದೆಲ್ಲ ಬೇಕೆಂದೇ ತಡ ಮಾಡಿದಂತೆ ಕಾಣುತ್ತದೆ. "ಇನ್ನೂ ಯಾಕ್ರೀ ಹೊರಟಿಲ್ಲ?" ಎಂದು ಜಗಳ ಶುರುವಾಗುತ್ತದೆ. ಅವರನ್ನು ದೂರುವುದು ಹೇಗೆ? ವೇಗವೊಂದೇ ಜೀವ ಉಳಿಸುತ್ತದೆ ಎಂದು ಕಲಿಸಿದ್ದು ನಮ್ಮ ಕಥೆಗಳೇ.

ಇನ್ನು ಫೋನು. ದಕ್ಷಿಣ ಬೆಂಗಳೂರಿನಲ್ಲಿ ಆಸ್ಪತ್ರೆಗಳಿಗೆ ಬರವಿಲ್ಲ. ಜಯನಗರ ಜನರಲ್ ಆಸ್ಪತ್ರೆ, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಹೃದಯಕ್ಕೆ ಜಯದೇವ, ಎಲ್ಲವೂ ಕೆಲವೇ ಕಿಲೋಮೀಟರಿನೊಳಗೆ. ಆದರೆ ಯಾವ ಮಗುವಿಗೆ ಯಾವ ಬಾಗಿಲು, ಅಲ್ಲಿ ಈ ಕ್ಷಣ ವೆಂಟಿಲೇಟರ್ ಖಾಲಿ ಇದೆಯೇ ಎಂಬುದನ್ನು ಬಾಣಂತಿಯ ಅಣ್ಣ ಬೈಕಿನಲ್ಲಿ ಸುತ್ತಿ ವಿಚಾರಿಸಬೇಕೇ? ಕಳಿಸುವ ವೈದ್ಯರು ಬರಮಾಡಿಕೊಳ್ಳುವ ವೈದ್ಯರ ಜೊತೆ ಮಾತಾಡಿರಬೇಕು, ಗಾಡಿಯಲ್ಲಿರುವವರಿಗೂ ಆ ಮಾತು ಗೊತ್ತಿರಬೇಕು. ಗೇಟಿನಲ್ಲಿ 'ಬೆಡ್ ಇಲ್ಲ' ಎಂದರೆ ಖಾಲಿ ರಸ್ತೆ ಏನು ಮಾಡೀತು?

ಬೆಂಗಳೂರಿನ ಟ್ರಾಫಿಕ್ ಗೊತ್ತಿಲ್ಲವೇ ನಿನಗೆ ಎನ್ನಬಹುದು. ಗೊತ್ತು, ನಾನಿರುವುದು ಬಿಟಿಎಂನಲ್ಲಿ. ಸಿಲ್ಕ್ ಬೋರ್ಡ್ ಕಡೆ ಸಿಕ್ಕಿಕೊಂಡ ಸೈರನ್ ಇಲ್ಲಿ ದಿನದ ಸದ್ದು. ದಾರಿ ಬಿಡಲೇಬೇಕು. ಆದರೆ ಜೀರೋ ಟ್ರಾಫಿಕ್ ಸಿಗುವುದು ಸುದ್ದಿಯಾದ ಮಗುವಿಗೆ. 2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಸರ್ಕಾರಿ ಆಸ್ಪತ್ರೆಯ ಕಾಯಿಲೆ ಕೂಸುಗಳಿಗೆಲ್ಲ ಇನ್ನೊಂದು ಆಸ್ಪತ್ರೆಗೆ ಉಚಿತ ಸಾಗಣೆಯ ಮಾತು ಕೊಟ್ಟಿದೆ. ಸಾಗಣೆ ಎಂದರೆ ನಾಲ್ಕು ಚಕ್ರ ಮತ್ತು ಸೈರನ್ ಅಷ್ಟೇ ಅಲ್ಲ, ಇನ್‌ಕ್ಯುಬೇಟರ್ ಮತ್ತು ಅದನ್ನು ಬಲ್ಲ ನರ್ಸ್ ಕೂಡ ಎಂದು ನಾವು ಹಟ ಹಿಡಿಯಬೇಕಾದ್ದು ಇಲ್ಲಿ.

ತಾಯಿಯಂತೂ ಈ ವೀರಗಾಥೆಯಲ್ಲಿ ಕಾಣುವುದೇ ಇಲ್ಲ. ಗರ್ಭಕ್ಕಿಂತ ಒಳ್ಳೆಯ ಇನ್‌ಕ್ಯುಬೇಟರ್ ಇಲ್ಲ. ಅಪಾಯದ ಸುಳಿವಿದ್ದ ಬಸುರಿಯನ್ನು ಹೆರಿಗೆಗೆ ಮುಂಚೆಯೇ ದೊಡ್ಡಾಸ್ಪತ್ರೆಗೆ ಕಳಿಸಿದರೆ ಎಷ್ಟೋ ಕೂಸುಗಳಿಗೆ ಈ ಪ್ರಯಾಣವೇ ಬೇಡ. ಅದಕ್ಕೆ ವಿಡಿಯೋ ಇಲ್ಲ, ಚಪ್ಪಾಳೆಯೂ ಇಲ್ಲ. ಹಾಗಾಗದೆ ಕೂಸೊಂದೇ ಹೊರಟುಹೋದರೆ, ಸಿಸೇರಿಯನ್ ಹೊಲಿಗೆ ಹಸಿಯಿರುವ ತಾಯಿ ಹಾಲು ಕಟ್ಟಿದ ಎದೆಯೊಂದಿಗೆ ಈ ಕಡೆ, ಮಗು ಆ ಕಡೆ. ಅವಳನ್ನೂ ಅಲ್ಲಿಗೇ ಸೇರಿಸುವುದು ಯಾರ ಕೆಲಸ?

ಮುಂದಿನ ಸಲ ವರದಿಗಾರರು ಚಾಲಕರ ಮುಂದೆ ಮೈಕ್ ಹಿಡಿಯಲಿ, ಬೇಡವೆನ್ನುವುದಿಲ್ಲ. ಆಮೇಲೆ ಹಿಂದಿನ ಬಾಗಿಲಿಗೂ ಬರಲಿ. ಇಳಿಸುವಾಗ ಮಗುವಿನ ಮೈ ಎಷ್ಟು ಡಿಗ್ರಿ ಇತ್ತು, ಮೊದಲೇ ಫೋನ್ ಮಾಡಿದ್ದರೇ, ತಾಯಿ ಎಲ್ಲಿದ್ದಾಳೆ ಎಂದು ಕೇಳಲಿ.