ಕಡ್ಡಿಯಷ್ಟೇ ಮಾರಬೇಡಿ, ಬುಡ ಮಾರಿ

ಬೆಂಗಳೂರಿನ ಯಾವ ನರ್ಸರಿಗೆ ಹೋದರೂ ‘ಜೇಡ್’ ಅಂತ ಒಂದು ಗಿಡ ಇದ್ದೇ ಇರುತ್ತದೆ. ನೀರು ತುಂಬಿದ ದಪ್ಪ ಎಲೆ, ಮೊಣಕಾಲೆತ್ತರವೂ ಇಲ್ಲದ ಆಳು. ಬುಡ ನೋಡಿದರೆ ಮಾತ್ರ ಹಳೇ ಹುಣಸೆ ಮರದ ಹಾಗೆ. ಬೆರಳುದ್ದದ ಕಡ್ಡಿ ಊರಿದ ಪ್ಯಾಕೆಟ್ಟಿಗೆ ಒಂದು ತಿಂಡಿ-ಕಾಫಿಯ ದುಡ್ಡು. ಅದೇ ಗಿಡ ಮಣಿಕಟ್ಟಿನಷ್ಟು ಬುಡ ಬಿಟ್ಟಿದ್ದರೆ ಅದರ ಹತ್ತಾರು ಪಟ್ಟು.

ಎರಡರ ನಡುವಿನ ವ್ಯತ್ಯಾಸ ಅಂದರೆ ನಾಲ್ಕೈದು ವರ್ಷ, ಅಷ್ಟೆ. ದಾಬಸ್‌ಪೇಟೆ ಸುತ್ತಿನ ನಮ್ಮಂಥವರು ಈ ಗಿಡಕ್ಕೆ ಕೈ ಹಾಕಿದರೆ ಕಡ್ಡಿ ಬೇರು ಬಿಡುತ್ತಲೇ ಸಗಟಾಗಿ ಮಾರಿ ಕೈ ತೊಳೆದುಕೊಳ್ಳುತ್ತೇವೆ. ಮುಂದಿನ ವರ್ಷಗಳ ಬೆಲೆ ಕೊಂಡವನ ಪಾಲಾಗುತ್ತದೆ. ಆ ವರ್ಷಗಳನ್ನು ನಾವೇ ಇಟ್ಟುಕೊಳ್ಳಬೇಕು, ಅದಕ್ಕೆ ಬೇಕಾದ ಅನುಕೂಲ ಪೇಟೆಯವರಿಗಿಂತ ನಮಗೇ ಜಾಸ್ತಿ ಅನ್ನುವುದು ನನ್ನ ವಾದ.

ಹೆಸರು ಒಂದು, ಗಿಡ ಎರಡು

ಮೊದಲು ಗಿಡ ಯಾವುದು ಅಂತ ಗೊತ್ತಿರಬೇಕು. ನಮ್ಮ ನರ್ಸರಿಗಳಲ್ಲಿ ಜೇಡ್ ಅಂತ ಮಾರುವುದು ಬಹುಪಾಲು ಪೋರ್ಚುಲಕೇರಿಯ ಆಫ್ರ. ಉಗುರಿನಷ್ಟು ಚಿಕ್ಕ ದುಂಡೆಲೆ, ಕೆಂಪು ಬಣ್ಣದ ಎಳೇ ಕಡ್ಡಿ. ನಿಜವಾದ ಜೇಡ್ ಕ್ರಾಸುಲ ಒವಾಟ. ಅದರ ಎಲೆ ದೊಡ್ಡದು, ಕಾಂಡ ಹಸಿರು-ಬೂದು, ಇನ್ನೂ ರಸಭರಿತ. ಎರಡೂ ದಕ್ಷಿಣ ಆಫ್ರಿಕಾ ಕಡೆಯವು. ಮೊದಲನೆಯದನ್ನು ಅಲ್ಲಿ ಆನೆ, ಆಡು ಎಲ್ಲವೂ ಮೇಯುತ್ತವೆ. ಆದ್ದರಿಂದ ನಮ್ಮ ಮೇಕೆಗೂ ಅದು ರುಚಿಯೇ, ಬೇಲಿ ಇರಲಿ. ಎರಡನೆಯದು ನಾಯಿ, ಬೆಕ್ಕು ತಿಂದರೆ ವಿಷ. ಮಕ್ಕಳು, ಸಾಕುಪ್ರಾಣಿ ಇರುವ ಮನೆಗೆ ಮಾರುವಾಗ ಇದನ್ನು ಹೇಳಬೇಕಾದ್ದು ನಮ್ಮ ಜವಾಬ್ದಾರಿ. ಗಿಡ್ಡ ಮರದಂತೆ ಬೆಳೆಸಲು ಚಿಕ್ಕೆಲೆಯದೇ ಸಲೀಸು.

ನೀರು ಕಮ್ಮಿ ಯಾಕೆ ಸಾಕು?

ನೆಲಮಂಗಲ ತಾಲೂಕು ಅಂತರ್ಜಲವನ್ನು ಅತಿಯಾಗಿ ಬಳಸಿದ ತಾಲೂಕು ಅಂತ ಸರ್ಕಾರಿ ವರದಿಗಳಲ್ಲೇ ಇದೆ. ಬೋರ್‌ವೆಲ್ ನಂಬಿ ಹೊಸ ಬೆಳೆ ಇಡುವ ಧೈರ್ಯ ಯಾರಿಗಿದೆ? ಈ ಗಿಡದ ಗುಣ ಬೇರೆ. ಸಾಮಾನ್ಯ ಗಿಡ ಹಗಲು ಎಲೆಯ ರಂಧ್ರ ತೆರೆದು ಗಾಳಿ ಎಳೆದುಕೊಳ್ಳುತ್ತದೆ, ಅದರ ಜೊತೆ ನೀರೂ ಆವಿಯಾಗಿ ಹೋಗುತ್ತದೆ. ಜೇಡ್ ಜಾತಿ ರಾತ್ರಿ ತೆರೆದು, ಹಗಲು ಮುಚ್ಚಿಕೊಳ್ಳುತ್ತದೆ. ಚಿಕ್ಕೆಲೆಯದು ಬರ ಬಂದಾಗ ಈ ದಾರಿ ಹಿಡಿಯುತ್ತದೆ. ನಮ್ಮ ಕತ್ತಾಳೆ, ಅನಾನಸ್, ಈಚೆಗೆ ಬಂದ ಡ್ರ್ಯಾಗನ್ ಹಣ್ಣು ಎಲ್ಲವೂ ಇದೇ ಪದ್ಧತಿಯವು.

ಇದರ ಮೊದಲ ಸುಳಿವುಗಳಲ್ಲಿ ಒಂದು ಸಿಕ್ಕಿದ್ದು ನಮ್ಮ ದೇಶದಲ್ಲೇ. ಕಂಪನಿ ಸರ್ಕಾರದ ಸಸ್ಯಶಾಸ್ತ್ರಿಯಾಗಿ ಲಾಲ್‌ಬಾಗನ್ನೂ ನೋಡಿಕೊಂಡಿದ್ದ ಬೆಂಜಮಿನ್ ಹೈನ್, ಕಾಡುಬಸಳೆಯ ಎಲೆ ಬೆಳಿಗ್ಗೆ ಹುಳಿ ಇದ್ದು ಮಧ್ಯಾಹ್ನಕ್ಕೆ ಸಪ್ಪೆ ಆಗುವುದನ್ನು ಗಮನಿಸಿದ. ಅವನ ಪತ್ರ 1815ರಲ್ಲಿ ಅಚ್ಚಾಯಿತು. ಕಾಡುಬಸಳೆ ದೊಡ್ಡೆಲೆ ಜೇಡಿನ ಕುಟುಂಬದ್ದೇ. ಹಿತ್ತಲಲ್ಲಿದ್ದರೆ ನೀವೂ ನಾಲಿಗೆಗೆ ಮುಟ್ಟಿಸಿ ನೋಡಿ. ರಾತ್ರಿ ಕೂಡಿಟ್ಟ ಹುಳಿಯನ್ನು ಹಗಲು ಬಳಸಿಕೊಳ್ಳುತ್ತದೆ, ಅದೇ ಗುಟ್ಟು.

ದಪ್ಪ ಮಾಡೋದು ಬೇರೆ, ಗಿಡ್ಡ ಇಡೋದು ಬೇರೆ

ಸಣ್ಣ ಕುಂಡದಲ್ಲಿಟ್ಟರೆ ಗಿಡ ತಾನೇ ಬೋನ್ಸಾಯ್ ಆಗುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಸಣ್ಣ ಕುಂಡದಲ್ಲಿ ಗಿಡ ಗಿಡ್ಡವಾಗಿ ಉಳಿಯುತ್ತದೆ ನಿಜ, ಆದರೆ ಬುಡವೂ ಕಡ್ಡಿಯಾಗಿಯೇ ಉಳಿಯುತ್ತದೆ. ಬುಡ ದಪ್ಪ ಆಗಬೇಕಾದರೆ ಬೇರಿಗೆ ಜಾಗ ಬೇಕು, ಮೇಲೆ ಎಲೆ ಬೇಕು, ನೆತ್ತಿಯ ಮೇಲೆ ಬಿಸಿಲು ಬೇಕು. ಎರಡು ಮೂರು ವರ್ಷ ನೆಲದಲ್ಲೋ ದೊಡ್ಡ ಚೀಲದಲ್ಲೋ ಮನಸೋ ಇಚ್ಛೆ ಬೆಳೆಯಲು ಬಿಟ್ಟು, ಆಮೇಲೆ ಗಟ್ಟಿಯಾಗಿ ಕತ್ತರಿಸಿ, ಕೊನೆಗೆ ಸಣ್ಣ ಕುಂಡಕ್ಕೆ ಇಳಿಸುವುದು ಸರಿಯಾದ ಕ್ರಮ.

ಬಾಲ್ಕನಿಯವನು ಗಿಡವನ್ನು ಗಿಡ್ಡ ಇಡಬಲ್ಲ, ದಪ್ಪ ಮಾಡಲಾರ. ಅವನ ಹತ್ತಿರ ನೆಲವೂ ಇಲ್ಲ, ದಿನವಿಡೀ ಬಿಸಿಲೂ ಇಲ್ಲ. ಅದು ಇರುವುದು ನಮ್ಮ ಬದುವಿನಲ್ಲಿ. ನಾವು ಮಾರಬೇಕಾದ ಮಾಲು ಅದೇ.

ನೆಲಕ್ಕೆ ಹಾಕುವುದಾದರೆ ಅಡಿ ಎತ್ತರದ ಏರುಮಡಿ ಕಡ್ಡಾಯ. ಕೆಂಪು ಮಣ್ಣಿಗೆ ಅದರಷ್ಟೇ ದಪ್ಪ ಮರಳು, ಇಟ್ಟಿಗೆ ಚೂರು ಸೇರಿಸಿ. ಎಂ-ಸ್ಯಾಂಡ್ ಆದರೆ ಜರಡಿ ಹಿಡಿದು ದೂಳು ತೆಗೆಯಿರಿ. ನಮ್ಮಲ್ಲಿ ಜೋರು ಮಳೆ ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ನೀರು ನಿಂತರೆ ಬುಡ ಮೆತ್ತಗಾಗಿ ಕೊಳೆಯುತ್ತದೆ. ಕೊಳೆ ಬಂದ ಗಿಡವನ್ನು ಮೇಲಿನ ಗಟ್ಟಿ ಭಾಗದವರೆಗೆ ಕತ್ತರಿಸಿ, ಗಾಯ ಒಣಗಿಸಿ ಮತ್ತೆ ಊರಬಹುದು. ಬುಡ ಹೋದ ಮೇಲೆ ವರ್ಷಗಳೂ ಹೋದ ಹಾಗೇ.

ಕುಡಿ ಚಿವುಟುವುದು ನಮಗೆ ಹೊಸದಲ್ಲ

ಹಾವೇರಿ ಕಡೆ ಗುಳಿ ರಾಗಿಯ ಪೈರಿನ ಮೇಲೆ ಕೊರಡು ಎಳೆಯುತ್ತಾರೆ. ಸುಳಿ ಬಾಗಿ ಪೆಟ್ಟು ತಿಂದ ಪೈರು ಬುಡದಿಂದ ಹೆಚ್ಚು ತೆಂಡೆ ಒಡೆಯುತ್ತದೆ. ಸೇವಂತಿಗೆ ಕುಡಿ ಚಿವುಟುವುದೂ ಅದಕ್ಕೇ. ತುದಿಯ ಮೊಗ್ಗು ಇರುವ ತನಕ ಪಕ್ಕದ ಮೊಗ್ಗುಗಳನ್ನು ಏಳಲು ಬಿಡುವುದಿಲ್ಲ. ಜೇಡಿನಲ್ಲೂ ಲೆಕ್ಕ ಒಂದೇ. ಎಲೆಗಳು ಎದುರು ಬದುರು ಇರುವುದರಿಂದ ಒಂದು ಗೆಣ್ಣಿನ ಮೇಲೆ ಕತ್ತರಿಸಿದರೆ ಸಾಮಾನ್ಯವಾಗಿ ಎರಡು ರೆಂಬೆ ಬರುತ್ತವೆ. ಅವು ಮೂರು ನಾಲ್ಕು ಗೆಣ್ಣು ಬೆಳೆದಾಗ ಮತ್ತೆ ಒಂದೋ ಎರಡೋ ಗೆಣ್ಣಿಗೆ ಇಳಿಸಿ. ಗೆಣ್ಣಿಗೆ ತೀರ ಅಂಟಿಸಿ ಕತ್ತರಿಸಬೇಡಿ, ಸ್ವಲ್ಪ ಮೇಲೆ ಬಿಡಿ. ಉಳಿದ ತುಂಡು ಒಣಗಿ ತಾನೇ ಉದುರುತ್ತದೆ. ತಂತಿ ಸುತ್ತಿ ಬಗ್ಗಿಸುವುದಕ್ಕಿಂತ ಕತ್ತರಿಯಿಂದಲೇ ಆಕಾರ ಕೊಡುವುದು ಮೇಲು. ಇದರ ಕಾಂಡ ಮೆದು, ತಂತಿ ಬೇಗ ಕಚ್ಚಿಕೊಳ್ಳುತ್ತದೆ.

ಎರಡು ವರ್ಷಕ್ಕೊಮ್ಮೆ ಬೇರನ್ನೂ ಮೂರನೇ ಒಂದರಷ್ಟು ಕತ್ತರಿಸಬೇಕು. ಶಿವರಾತ್ರಿ ಕಳೆದು ಬಿಸಿಲು ಏರುವಾಗ ಮಾಡಿದರೆ ಚಿಗುರು ಬೇಗ. ಒಣ ಮಣ್ಣಿನಲ್ಲಿ ನೆಟ್ಟು ಒಂದು ವಾರ ನೀರು ಕೊಡಬಾರದು, ಬೇರಿನ ಗಾಯ ಒಣಗಬೇಕು. ಕತ್ತರಿಸಿದ ಕಡ್ಡಿ ಬಿಸಾಡಬೇಡಿ. ನೆರಳಲ್ಲಿ ನಾಲ್ಕೈದು ದಿನ ಆರಿಸಿ ಊರಿದರೆ ಅದೇ ಮುಂದಿನ ಗಿಡ.

ಅವಸರದ ಗಿಡ ಬೇಡ

ನೆರಳುಪರದೆ ಕಟ್ಟಿ, ದಿನಾ ನೀರು ಬಿಟ್ಟು, ಯೂರಿಯಾ ಹಾಕಿದರೆ ಬೇಗ ಎತ್ತರ ಬರುತ್ತದೆ ಅಂತ ಸಲಹೆ ಕೊಡುವವರಿದ್ದಾರೆ. ಎತ್ತರ ಬರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಗೆಣ್ಣಿನಿಂದ ಗೆಣ್ಣಿಗೆ ದೂರವಾಗಿ, ಕಡ್ಡಿ ತೆಳ್ಳಗಾಗಿ ಜೋತು ಬೀಳುತ್ತದೆ. ಅಂಥ ಗಿಡ ಒಯ್ದವನ ಮನೆಯಲ್ಲಿ ತಿಂಗಳೊಳಗೆ ಎಲೆ ಉದುರಿಸಿದರೆ ಅವನು ಇನ್ನೊಮ್ಮೆ ಬರುವುದಿಲ್ಲ. ಚೆನ್ನಾಗಿ ಕಳಿತ ಗೊಬ್ಬರ ಒಂದು ಹಿಡಿ ಸಾಕು. ಕುಂಡದ ಗಿಡಕ್ಕಾದರೆ ಮಣ್ಣು ಪೂರ್ತಿ ಒಣಗಿ, ಎಲೆ ಚೂರು ಸುಕ್ಕಾದಾಗ, ಅಡಿಯಿಂದ ಹರಿದು ಹೋಗುವಷ್ಟು ನೀರು. ನೆರಳಿನ ಗಿಡವನ್ನು ಮಾತ್ರ ಒಮ್ಮೆಲೇ ಬಿಸಿಲಿಗೆ ಇಡಬಾರದು, ಎಲೆ ಸುಡುತ್ತದೆ. ಹಿಟ್ಟು ತಿಗಣೆ ಗೆಣ್ಣಿನ ಸಂದಿಯಲ್ಲಿ ಕೂರುತ್ತದೆ. ಇರುವೆ ಓಡಾಟ ಕಂಡರೆ ಅಲ್ಲಿ ನೋಡಿ, ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿ.

ಅನ್ನ ಬೆಳೆಯುವ ನೆಲದಲ್ಲಿ ಶೋಕಿ ಗಿಡ ಯಾಕೆ ಅನ್ನುವ ಪ್ರಶ್ನೆ ಬರುತ್ತದೆ. ಕೇಳಬೇಕಾದ ಪ್ರಶ್ನೆಯೇ. ರಾಗಿ ಹೊಲ ಬಿಟ್ಟು ಇದನ್ನು ಮಾಡಿ ಅಂತ ನಾನೂ ಹೇಳುವುದಿಲ್ಲ. ಬದು, ಕಲ್ಲು ಬಂಡೆಯ ಮಗ್ಗುಲು, ಮನೆ ಮುಂದಿನ ಮೂಲೆ ಸಾಕು. ಆರಿಂಚಿನ ಕುಂಡ ಚದರಡಿಗೆ ನಾಲ್ಕು ಕೂರುತ್ತವೆ. ಓಡಾಡಲು ಅರ್ಧ ಜಾಗ ಬಿಟ್ಟರೂ ಹತ್ತಡಿ ಉದ್ದ, ಹತ್ತಡಿ ಅಗಲದಲ್ಲಿ ಇನ್ನೂರು. ನೆಲದಲ್ಲಿ ದಪ್ಪ ಮಾಡುವ ಗಿಡಕ್ಕೆ ಇದಕ್ಕಿಂತ ಜಾಗ ಬೇಕು, ಅದಕ್ಕೇ ಬದು. ಮೊದಲ ಮೂರು ವರ್ಷ ಆ ಗಿಡಗಳಿಂದ ಆದಾಯ ಇಲ್ಲ ಅನ್ನುವುದನ್ನು ಮರೆಯಬಾರದು. ಆದ್ದರಿಂದ ಸಾಲ ಮಾಡಬೇಡಿ, ಪಾಲಿಹೌಸ್ ಕಟ್ಟಬೇಡಿ. ಶಿವಗಂಗೆಯಂಥ ಬೆಟ್ಟದ ಬಂಡೆ ಸಂದಿಯಲ್ಲಿ ತಾನಾಗಿ ಗಿಡ್ಡಗೆ ಬೆಳೆದ ಆಲ, ಅತ್ತಿ ಕಿತ್ತು ತಂದು ಮಾರುವ ಚಾಳಿಗೂ ಇಳಿಯಬೇಡಿ. ಅವು ಬೆಟ್ಟದ ಸ್ವತ್ತು.

ಮೂರು ವರ್ಷದ ಕಾಯುವಿಕೆಗೆ ದಾರಿ ಹೀಗಿದೆ. ನೂರು ಕಡ್ಡಿ ಊರಿದರೆ ಎಂಬತ್ತನ್ನು ಎಂದಿನಂತೆ ಮಾರಿ, ಇಪ್ಪತ್ತನ್ನು ಬದುವಿಗೆ ಹಾಕಿ. ಪ್ರತಿ ವರ್ಷ ಇಪ್ಪತ್ತು. ನಾಲ್ಕನೇ ವರ್ಷದಿಂದ ಇಪ್ಪತ್ತಿಪ್ಪತ್ತಾಗಿ ಕುಂಡಕ್ಕೆ ಇಳಿಸುತ್ತಾ ಬಂದರೆ ಐದನೇ ವರ್ಷದಿಂದ ಮಾರಲು ಮಾಲಿರುತ್ತದೆ. ಪ್ರತಿ ಗಿಡಕ್ಕೆ ಊರಿದ ವರ್ಷದ ಚೀಟಿ, ನೀರಿನ ಕ್ರಮದ ಎರಡು ಸಾಲು ಕಟ್ಟಿ. ಅದೃಷ್ಟದ ಗಿಡ ಅಂತ ಸುಳ್ಳು ಹೇಳಬೇಕಾಗಿಲ್ಲ, ವಯಸ್ಸೇ ಬೆಲೆ ಹೇಳುತ್ತದೆ. ಜನವರಿ, ಆಗಸ್ಟಿನ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ಹೂವಿನ ಜೊತೆಗೆ ಗಿಡ್ಡ ಮರಗಳ ಬುಡವನ್ನೂ ನೋಡಿ ಬನ್ನಿ, ದರವನ್ನೂ ಕೇಳಿ. ಆಮೇಲೆ ನಿಮ್ಮ ಬದುವಿನ ಲೆಕ್ಕ ಹಾಕಿ. ಈಗಾಗಲೇ ಬೆಳೆದು ನೋಡಿದವರು ಖರ್ಚು, ನಷ್ಟ ಎರಡನ್ನೂ ಮುಚ್ಚಿಡದೆ ಪತ್ರಿಕೆಗೆ ಬರೆದರೆ ಮಿಕ್ಕವರಿಗೆ ಅನುಕೂಲ.