ಮನೆವಾರ್ತೆ: ಸೈಕಲ್ಲಿಗೆ ಜಂಗು ಹತ್ತಿದರೆ

2006-07ರಲ್ಲಿ ಸರ್ಕಾರ ಎಂಟನೇ ಇಯತ್ತೆಯ ಮಕ್ಕಳಿಗೆ ಸೈಕಲ್ ಕೊಡಲು ಸುರು ಮಾಡಿದ ಮೇಲೆ ನಮ್ಮ ಕಿತ್ತೂರು, ಬೈಲಹೊಂಗಲ ಕಡೆಯ ಎಷ್ಟೋ ಅಂಗಳಗಳಿಗೆ ಸೈಕಲ್ ಬಂತು. ಅಕ್ಕ ಬಿಟ್ಟ ಸೈಕಲ್ಲು ಈಗ ತಂಗಿಗೆ ಬೇಕಾದೀತು. ಜಂಗು ಹತ್ತಿತೆಂದು ಗುಜರಿಗೆ ಹಾಕಬ್ಯಾಡ್ರಿ.

ಮಳೆಗಾಲದಲ್ಲಿ ನೀರಿಗಿಂತ ದೊಡ್ಡ ವೈರಿ ನಮ್ಮ ಎರಿ ಮಣ್ಣು. ಮಡ್‌ಗಾರ್ಡಿನ ಒಳಗೆ ಮೆತ್ತಿಕೊಂಡು ದಿನಗಟ್ಟಲೆ ಹಸಿ ಹಿಡಿದಿಡುತ್ತದೆ. ಹುಡುಗಿ ಸಾಲಿಯಿಂದ ಬಂದ ಕೂಡಲೇ ಕಡ್ಡಿಯಿಂದ ಕೆರೆದು ಒಣ ಅರಿವೆಯಿಂದ ಒರೆಸಿಡಿ.

ಹ್ಯಾಂಡಲ್ಲಿನ ಜಂಗಿಗೆ ಪಾಲಿಶ್ ಪೇಪರ್ ತಿಕ್ಕಿದರೆ ಹೊಳಪೇ ಹೋದೀತು. ಚಪಾತಿ ಕಟ್ಟುವ ಅಲ್ಯುಮಿನಿಯಂ ಹಾಳೆಯನ್ನು ಮುದ್ದೆ ಮಾಡಿ, ನೀರಿನಲ್ಲಿ ಅದ್ದಿ ತಿಕ್ಕಿ. ಹುಣಸೆ, ಲಿಂಬಿ ಹಚ್ಚುವುದಾದರೆ ಚೊಕ್ಕ ತೊಳೆದು ಒಣಗಿಸಿ. ಹುಳಿ ಉಳಿದರೆ ಜಂಗು ಮತ್ತೆ ಬರುತ್ತದೆ. ಚೈನಿಗೆ ಹುಳಿ ಬೇಡವೇ ಬೇಡ. ಚಿಮಣಿ ಎಣ್ಣೆ ಇಲ್ಲವೇ ಡೀಸೆಲ್, ಹಲ್ಲುಜ್ಜುವ ಹಳೇ ಬ್ರಶ್ಶು ಸಾಕು (ಒಲೆಯಿಂದ ದೂರ ಕೂತು!). ಒಣಗಿದ ಮೇಲೆ ಕೊಂಡಿಗೊಂದು ಹನಿ ಹೊಲಿಗೆ ಮಶಿನ್ನಿನ ಎಣ್ಣೆ ಬಿಟ್ಟು, ಹೆಚ್ಚಾದದ್ದನ್ನು ಒರೆಸಿ. ಕೊಬ್ಬರಿ ಎಣ್ಣೆ ಜಡೆಗೇ ಇರಲಿ. ಚೈನಿನಲ್ಲಿ ಅಂಟಾಗಿ ಧೂಳು ಹಿಡಿಯುತ್ತದೆ.

ಬ್ರೇಕಿನ ರಬ್ಬರ್ ಹಿಡಿಯುವ ರಿಮ್ಮಿಗೆ ಮಾತ್ರ ಒಂದು ಹನಿಯೂ ಎಣ್ಣೆ ತಾಗಬಾರದು; ಇಳಿಜಾರಿನಲ್ಲಿ ಬ್ರೇಕ್ ಹತ್ತದೆ ಹೋದೀತು. ತಾಗಿದ್ದರೆ ಸೋಪಿನ ನೀರಿನಿಂದ ತೊಳೆಯಿರಿ. ಫ್ರೇಮಿನ ಬೆಸುಗೆಯ ಹತ್ತಿರ ಬಿರುಕು ಕಂಡರಂತೂ ರಿಪೇರಿಯವರಿಗೆ ತೋರಿಸದೆ ಹುಡುಗಿಯನ್ನು ಹತ್ತಿಸಬ್ಯಾಡ್ರಿ.